ಆಯಿ ಹೊಸೆದ ಎಳೆ

ಸೋಪು ಹಚ್ಚಿ ತೊಳೆದರೂ ಕೈಯಿಂದ ಪುಂಡಿ ನಾರಿನ ಹುಳಿ ವಾಸನೆ ಹೋಗಿರಲಿಲ್ಲ. ಹುಮನಾಬಾದಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು ಅವತ್ತು ಪಾಠಕ್ಕೆಂದು ನಾರು ನೆನೆಸಿ ಒಯ್ದಿದ್ದೆ. ಆ ವಾಸನೆಯ ಹಿಂದೆಯೇ ಆಯಿ ನೆನಪಿಗೆ ಬಂದಳು, ನನ್ನ ತಂದೆಯ ತಾಯಿ...

ಮೋರಖಂಡಿಯಲ್ಲಿ ನಮ್ಮದು ಹಗ್ಗ ಹೊಸೆಯುವ ಮನೆ. ಎತ್ತುಗಳ ಹಬ್ಬ ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಆಯಿ ಅಂಗಳದಲ್ಲಿ ಕೂತು ನಾರು ಕೂಡಿಸುತ್ತಿದ್ದಳು. ನಾನು ಇನ್ನೊಂದು ತುದಿಯಲ್ಲಿ ಹಿಡಿಕೆ ತಿರುವುತ್ತ ಹಿಂದೆ ಹಿಂದೆ ಸರಿಯುತ್ತಿದ್ದೆ. ಎಳೆಗೆ ಸಿಕ್ಕ ಕಸಕಡ್ಡಿಯೂ ಅದರ ಜೊತೆಗೇ ಗಿರಗಿರ ತಿರುಗುತ್ತಿತ್ತು. ಹೊಲದ ಒಡೆಯರು ಮೈಲಿಗೆಯೆಂದು ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ನೆಲಕ್ಕಿಟ್ಟು ಸರಿಯಬೇಕು, ಆಮೇಲೆ ಅವರು ಎತ್ತಿಕೊಳ್ಳಬೇಕು. ಆದರೂ ಅವಳ ಬಾಯಿ ಜೋರೇ ಇತ್ತು. ಬಸವಕಲ್ಯಾಣದ ಸಂತೆಯಲ್ಲಿ ಹೆಗಲ ತುಂಬ ಹಗ್ಗ ಹಾಕಿಕೊಂಡು, "ನನ್ನ ಕೈಯಾಂದು ಅದರಿ ಇದು, ಎತ್ತು ಹರಕೊಂಡು ಹ್ವಾದ್ರ ನನಗ ಬಂದು ಕೇಳ್ರಿ" ಎಂದು ಕೂಗುತ್ತಿದ್ದಳು.

ಆಕಾಶದ ಪಾಠಕ್ಕೆ ನಾರು ತಂದಿದ್ದು ನೋಡಿ ತರಗತಿಯಲ್ಲಿ ಎಲ್ಲರೂ ನಕ್ಕರು. ಒಂದು ತುದಿಯನ್ನು ಕೊಹಿನೂರ ಎಂಬ ಹಳ್ಳಿಯಿಂದ ಬರುವ ಹುಡುಗಿಗೆ ಕೊಟ್ಟು, ಇನ್ನೊಂದು ತುದಿಯಲ್ಲಿ ನಾನು ನಾರು ಕೂಡಿಸುತ್ತ ಹೊಸೆಯತೊಡಗಿದೆ. ಗ್ಯಾಲಕ್ಸಿಗಳು ಚೆಲ್ಲಿದ ಕಾಳಿನಂತೆ ಬಿದ್ದಿಲ್ಲ, ಭಾರೀ ಉದ್ದದ ಎಳೆಗಳ ಗುಂಟ ಸೇರಿಕೊಂಡಿವೆ ಎಂದೆ. ಚಿಕ್ಕವು ಹೆಚ್ಚಾಗಿ ಆ ಎಳೆಯನ್ನೇ ಅಕ್ಷ ಮಾಡಿಕೊಂಡಂತೆ ತಿರುಗುತ್ತವೆ; ಬೇರೆಯವನ್ನು ಕೂಡಿಸಿಕೊಂಡು ದೊಡ್ಡವಾದವು ಬಹುತೇಕ ಎಳೆಗೆ ಅಡ್ಡವಾಗಿ ತಿರುಗುತ್ತವೆ ಎಂದೂ ಹೇಳಿದೆ. ಹುಡುಗಿ ಮಾತ್ರ ನಾನು ಹೇಳದೆಯೇ, ಬಿಗಿ ತಪ್ಪದಂತೆ ತುದಿ ತಿರುವುತ್ತ ಹಿಂದೆ ಹಿಂದೆ ಸರಿದಳು. ಅವಳ ಮನೆಯಲ್ಲೂ ಹಗ್ಗ ಹೊಸೆಯುತ್ತಾರೆಂದು ಆ ಕಾಲುಗಳೇ ಹೇಳಿದವು.

"ಮೇಡಂ, ಇದು ನಿಮಗ ಯಾರು ಕಲಿಸ್ಯಾರ್ರಿ?" ಎಂದು ಅವಳೇ ಕೇಳಿದಳು. ಮುಖ ಅರಳಿತ್ತು.

ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಆಯಿಯ ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು... "ಮೊಬೈಲ್‌ನಾಗ ನೋಡಿ ಕಲ್ತೀನಿ" ಎಂದುಬಿಟ್ಟೆ.

ಪಕ್ಕದವಳು ಆ ಹುಡುಗಿಗೂ, ನಿನಗೆ ಹೇಗೆ ಬರುತ್ತದೆ ಎಂದು ಕೇಳಿದಳು. ಅವಳು ಒಂದು ಗಳಿಗೆ ನನ್ನತ್ತ ನೋಡಿ, "ನಾನೂ ಮೊಬೈಲ್‌ನಾಗೇ ನೋಡೀನಿ" ಎಂದಳು.

ನನಗೆ ನಾಚಿಕೆಯಾಯಿತು. ಸಂತೆಯ ನಡುವೆ ನಿಂತು ತನ್ನ ಕೈಯ ಹಗ್ಗವೆಂದು ಕೂಗಿದವಳ ಮೊಮ್ಮಗಳು ನಾನು. ಆಯಿ ತೀರಿಕೊಂಡು ವರ್ಷಗಳಾದವು. ಅವಳು ಈಗಿಲ್ಲ ಎನ್ನುವುದು ಅವತ್ತಿನಷ್ಟು ಎಂದೂ ನೋಯಿಸಿರಲಿಲ್ಲ.

ಪಾಠ ಮುಗಿದ ಮೇಲೆ ಹುಡುಗಿ ಹಗ್ಗ ವಾಪಸು ಕೊಡಲು ಬಂದಳು. ನಾನು ಕೈ ಚಾಚಿದೆ. ಅವಳು ಅದನ್ನು ಸುತ್ತಿ ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತಳು, ನಾನು ಎತ್ತಿಕೊಳ್ಳಲಿ ಎಂದು.