ದ್ಯಾಮಕ್ಕ ಬಿಚ್ಚಿದ ಗಂಟು

ಹೊಸಹಳ್ಳಿ ಸುತ್ತಮುತ್ತ ಕುರಿಮರಿ ಕಾಲು ಮುರಿದುಕೊಂಡರೆ ಜನ ದ್ಯಾಮಕ್ಕನ ಹಟ್ಟಿಗೇ ಹೊತ್ತು ತರುತ್ತಾರೆ. ಅವಳು ಬಿದಿರಿನ ದಬ್ಬೆ ಇಟ್ಟು, ಊರಮ್ಮನ ಹೆಸರು ಹೇಳಿ ಗಂಟು ಹಾಕುತ್ತಾಳೆ. ಹಾಕಿದ ಗಂಟನ್ನು ಅಮಾವಾಸ್ಯೆಯವರೆಗೆ ಬಿಚ್ಚುವ ಮಾತಿಲ್ಲ. ಬಿಚ್ಚಿದರೆ ಆ ಅವ್ವ ಕೈಬಿಡುತ್ತಾಳೆಂದು ಅತ್ತೆ ಹೇಳಿಕೊಟ್ಟಿದ್ದಳು. ಹಟದಲ್ಲಂತೂ ದ್ಯಾಮಕ್ಕ ಅತ್ತೆಗೇ ಅತ್ತೆ.

ಈ ಸಲ ಅವಳ ಸ್ವಂತ ಕುದುರೆ ಕೆಂಚಿಯೇ ಮರಿ ಹಾಕಿತು. ಕುರಿಹಿಂಡು ಹಂಪಸಾಗರದ ಕಡೆ ಮೇಯಲು ಹೊರಟಾಗ ಪಾತ್ರೆ, ಕಂಬಳಿ, ಎಳೆಯ ಕುರಿಮರಿಗಳನ್ನೆಲ್ಲ ಹೊರುವುದು ಈ ಕೆಂಚಿ. ಹುಟ್ಟಿದ ಮರಿಯ ಮುಂಗಾಲೆರಡೂ ಹಿಂದಕ್ಕೆ ಮಡಚಿಕೊಂಡಿದ್ದವು. ಅದು ಗೊರಸಿನ ಬದಲು ಗಿಣ್ಣು ಊರಿ ತಡವರಿಸುತ್ತಿತ್ತು.

"ಇದು ಹಿಂಡಿನ ಹಿಂದ ನಡಿಯಂಗಿಲ್ಲ. ಮರಿ ಬಿಟ್ಟು ತಾಯಿ ಬರಂಗಿಲ್ಲ. ಎರಡನ್ನೂ ಕೊಟ್ಟೂರು ಸಂತಿಗೆ ಹೊಡಕೊಂಡು ಹೋಗ್ತೀನಿ" ಎಂದ ಗಂಡ ಓಬಳೇಶಪ್ಪ.

ಮಾರುವ ಮಾತು ದ್ಯಾಮಕ್ಕನಿಗೆ ಹಿಡಿಸಲಿಲ್ಲ. ಕೆಂಚಿಯನ್ನು ಮಗಳಂತೆ ಸಾಕಿದ್ದಳು. ಮಾತಿಗೆ ನಿಲ್ಲದೆ, ಕುರಿಗೆ ಕಟ್ಟುವಂತೆಯೇ ಮರಿಯ ಮುಂಗಾಲಿಗೆ ಬಿಗಿಯಾಗಿ ದಬ್ಬೆ ಕಟ್ಟಿದಳು.

ಎರಡು ದಿನದಲ್ಲಿ ಮರಿ ಹಾಲು ಕುಡಿಯುವುದನ್ನೇ ಬಿಟ್ಟಿತು. ಹೆದರಿದ ಓಬಳೇಶಪ್ಪ ಪಶುವೈದ್ಯೆ ಪುಷ್ಪಲತಾ ಅವರನ್ನು ಕರೆತಂದ. ಅವರು ಮರಿಯ ಕಾಲು ಮುಟ್ಟಿ ನೋಡಿ, "ಬಾವು ಬಂದೈತಿ ದ್ಯಾಮಕ್ಕ. ಇದು ಮುರಿದ ಎಲುಬಲ್ಲ, ಬಿಗಿದ ನರ. ದಿನಾ ಬಿಚ್ಚಬೇಕು, ಸ್ವಲ್ಪ ನಡಸಬೇಕು, ಮತ್ತ ಕಟ್ಟಬೇಕು. ಹಿಂಗ ಬಿಟ್ರ ಕಾಲು ಕೊಳಿತೈತಿ" ಎಂದು ಕತ್ತರಿ ತೆಗೆದರು.

ದ್ಯಾಮಕ್ಕ ಅವರ ಕೈ ಹಿಡಿದಳು. ಇನ್ನು ಹೆಂಡತಿ ಜಗ್ಗುವುದಿಲ್ಲವೆಂದು ಓಬಳೇಶಪ್ಪ ತಲೆ ಚಚ್ಚಿಕೊಂಡ.

"ಅವ್ವನ ಗಂಟಿಗೆ ಕತ್ತರಿ ಬ್ಯಾಡ್ರಿ. ಕಟ್ಟಿದಾಕಿ ನಾನು, ನಾನ ಬಿಚ್ಚತೀನಿ. ಆಕಿ ಸಿಟ್ಟಾದ್ರ ನನ್ನ ಮ್ಯಾಲೆ ಆಗ್ಲಿ."

ಅಮಾವಾಸ್ಯೆಗೆ ಇನ್ನೂ ದಿನವಿರುವಾಗಲೇ ಎರಡೂ ಕಾಲಿನ ಗಂಟು ಬಿಚ್ಚಿದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಬಾತ ಜಾಗಕ್ಕೆ ಮುಲಾಮು ಹಚ್ಚಿ, ಹತ್ತಿ ಸುತ್ತಿ, ದಬ್ಬೆಯ ಬದಲು ಸೀಳಿದ ಪ್ಲಾಸ್ಟಿಕ್ ಪೈಪು ಕಟ್ಟುವುದನ್ನು ತೋರಿಸಿದರು. ಅಂದಿನಿಂದ ಬೆಳಿಗ್ಗೆ ಬಿಚ್ಚುವುದು, ಸಂಜೆ ಕಟ್ಟುವುದು. ಕಟ್ಟುವಾಗೆಲ್ಲ ಊರಮ್ಮನ ಹೆಸರು.

"ದಿನಾ ಕರದ್ರ ಅವ್ವಗ ಬ್ಯಾಸರ ಆಗಂಗಿಲ್ಲೇನು?" ಎಂದು ಗಂಡ ಕೆಣಕಿದ.

"ನಿನ್ನ ಕೂಡ ಬಾಳೇವು ಮಾಡಿ ನನಗ ಬ್ಯಾಸರ ಆಗಿಲ್ಲ, ಆಕಿಗೆಲ್ಲಿ ಆಗ್ತೈತಿ."

ಒಂದು ಬೆಳಿಗ್ಗೆ ಪೈಪು ಬಿಚ್ಚಿದಾಗ ಮರಿ ಎರಡೂ ಗೊರಸು ನೆಲಕ್ಕೆ ಊರಿತು. ತೂರಾಡುತ್ತ ಹೋಗಿ ಕೆಂಚಿಯ ಕೆಚ್ಚಲಿಗೆ ಬಾಯಿ ಹಾಕಿತು. ಓಬಳೇಶಪ್ಪ ಸಂತೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಹಿಂಡು ಹೊರಟಿತು, ಮರಿಯೂ ತಾಯಿಯ ಹಿಂದೆ ನಡೆಯಿತು. ಮೊದಲ ಸಂಜೆ ದಾರಿಯಲ್ಲಿ ತಂಗಿದಾಗ ದ್ಯಾಮಕ್ಕ ರೂಢಿಯಂತೆ ಮರಿಯ ಮುಂದೆ ಕೂತಳು. ಕಾಲು ನೆಟ್ಟಗಾಗಿತ್ತು, ಕಟ್ಟಲು ಏನೂ ಇರಲಿಲ್ಲ. ಎರಡೂ ಕಾಲನ್ನು ಬರಿಗೈಯಲ್ಲಿ ಹಿಡಿದು ಅವ್ವನ ಹೆಸರು ಹೇಳಿ, ಆಕೆ ಕೈಬಿಡಲಿಲ್ಲವೆಂಬ ಸಮಾಧಾನಕ್ಕೆ ಅತ್ತಳು.