ಮಷಿನ್ ನಡೆಯುವಾಗ ಕೇಳಿದ ಮಾತು

ಗಿರಣಿಯ ಕಾರಕೂನನ ಕಿವಿಗೆ ಏನೂ ಬಿದ್ದಿರಲಿಲ್ಲ. ನನ್ನ ಮೊಮ್ಮಗಳ ಮೇಲೆ ಹಾಕಿದ ಕೇಸು ಶುದ್ಧ ಸುಳ್ಳು. ಅದನ್ನು ಬಯಲು ಮಾಡುವ ಒಂದೇ ಒಂದು ಪ್ರಶ್ನೆ ಕೇಳಲು ನಮಗೆ ಒಂದು ವರ್ಷ ಬೇಕಾಯಿತು.

ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಅಕ್ಕಿ ಹಸನು ಮಾಡುತ್ತಿದ್ದೆ. ಹೆಂಗಸರ ಪಾಯಖಾನೆಗೆ ಬೀಗ ಜಡಿದು ಮಾಲಕ ಕೀಲಿಕೈ ತನ್ನ ಹತ್ತಿರ ಇಟ್ಟುಕೊಂಡಿದ್ದ. ಓದಿದ ಮೊಮ್ಮಗಳು ಬಂದು, ಒಳಗೆ ಚೀಲ ತೂಗುವ ಕಾಟಾದ ಹತ್ತಿರ ನಿಂತಿದ್ದ ಅವನನ್ನು ಕೀಲಿಕೈ ಕೇಳಿದಳು. ಅಷ್ಟೇ. ಗಿರಣಿಗೆ ಬೆಂಕಿ ಹಚ್ಚುತ್ತೇನೆ ಅಂದಳೆಂದು ಅವನು ಕೋರ್ಟಿಗೆ ಹೋದ. ನನ್ನನ್ನೂ ಕೆಲಸದಿಂದ ಬಿಡಿಸಿದ. ದೇವದುರ್ಗದ ಹಾಸ್ಟೆಲ್ಲಿನಲ್ಲಿ ಅವಳಿಗೆ ಆಗಿದ್ದ ನೌಕರಿ, ಕೇಸು ಮುಗಿಯುವವರೆಗೆ ನೇಮಕದ ಆದೇಶವಿಲ್ಲವೆಂದು ನಿಂತಿತು.

ಗಿರಣಿಯ ಬಾಗಿಲಲ್ಲಿ ನಿಂತು ಆ ಮಾತನ್ನು ಕಿವಿಯಾರೆ ಕೇಳಿದೆ ಎಂದು ಕಾರಕೂನ ಸಾಕ್ಷಿ ಹೇಳಿದ. ಮಷಿನ್ ನಡೆಯುವಾಗ ಅಲ್ಲಿ ಬಾಗಿಲಿಗೆ ಮಾತು ಮುಟ್ಟುವುದೇ ಇಲ್ಲ. ನೀರು ಬೇಕೆಂದರೆ ಹೆಬ್ಬೆರಳು ಬಾಯಿಗೆ, ಚೀಲ ಬೇಕೆಂದರೆ ಮುಷ್ಟಿ ಮೇಲಕ್ಕೆ. ಅವತ್ತು ಮಷಿನ್ ನಡೆದಿತ್ತು. ನಾನು ಅಲ್ಲೇ ಇದ್ದೆ.

ನಮ್ಮ ವಕೀಲರು ಪಾಟೀಸವಾಲಿಗೆ ಎದ್ದರೆ ನ್ಯಾಯಾಧೀಶರು ಈಗ ಬೇಡವೆಂದು ಕೂರಿಸಿದರು.

"ಮುಂದ ಕೇಳಬೇಕಂತ, ಯವ್ವಾ," ಅಂದರು ವಕೀಲರು, ಹೊರಗೆ ಬಂದು.

"ಮುಂದ ಅಂದ್ರ ಯಾವಾಗ್ರೀ?"

"ಆರೋಪ ಹೊರಿಸಿ ವಿಚಾರಣಿ ಶುರು ಆದ ಮ್ಯಾಲ. ಎರಡು ವರ್ಷ, ಮೂರು ವರ್ಷ ಆಗಬಹುದು."

"ಈಗ ಕೇಳಿದ್ರ ಇಲ್ಲೇ ಮುಗೀತದಲ್ಲ! ಅಲ್ಲೀತನಕ ಆ ನೌಕರಿ ಯಾರಪ್ಪ ಕಾಯ್ತಾನ?"

ಮೇಲಿನ ಕೋರ್ಟಿಗೆ ಅರ್ಜಿ ಹಾಕಿದೆವು. ರಾಯಚೂರಿಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಹರಿದವು. ಒಮ್ಮೆ ಅವರ ವಕೀಲ ಇಲ್ಲ, ಒಮ್ಮೆ ಕಡತ ಇಲ್ಲ. ಕೊನೆಗೆ, ಆರೋಪ ಹೊರಿಸುವ ಮೊದಲೇ ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕು ಇವರಿಗಿದೆ, ಬಿಡಬೇಕಿತ್ತು ಎಂದು ಆದೇಶವಾಯಿತು. ಬಿಡಬೇಕಿತ್ತಂತೆ! ಹೋದ ವರ್ಷವನ್ನು ಯಾರು ತಂದುಕೊಡುತ್ತಾರೆಂದು ಅದರಲ್ಲಿ ಬರೆದಿರಲಿಲ್ಲ.

"ಗೆದ್ವಿ, ಯವ್ವಾ! ಪೇಡೆ ಕೊಡಸು," ಅಂದರು ವಕೀಲರು.

"ಬಾಯಿ ತೆಗಿಯಾಕ ಬಿಟ್ರ ಗೆದ್ದಂಗೇನ್ರೀ? ನೀವು ಒಮ್ಮೆರ ಗಿರಣಿ ಕಡಿ ಬಂದೀರೇನು?"

"ಇಲ್ಲ..."

"ಮತ್ತ ಏನ್ ಕೇಳ್ತೀರಿ ಅವಂಗ, ನನ್ನ ತಲಿ?"

ಮರುದಿನ ಬೆಳಿಗ್ಗೆ ಮಷಿನ್ ಶುರುವಾಗುವ ಹೊತ್ತಿಗೆ ಅವರನ್ನು ಕರೆದೊಯ್ದು, ಕಾರಕೂನ ತಾನು ನಿಂತಿದ್ದೆ ಎಂದ ಬಾಗಿಲಲ್ಲೇ ನಿಲ್ಲಿಸಿದೆ. ಒಳಗೆ ಕಾಟಾದ ಹತ್ತಿರವಿದ್ದ ಕಾರಕೂನ ನಮ್ಮನ್ನು ನೋಡಿ ಏನೋ ಕೂಗಿದ. ಬಾಯಿ ತೆರೆದದ್ದು ಕಂಡಿತು, ಮಾತು ಕೇಳಲಿಲ್ಲ. ಎರಡನೆಯ ಸಲ ಅವನು ಬಾಯಿ ತೆರೆಯಲಿಲ್ಲ, ಕೈ ಬೀಸಿ ಹೋಗು ಅಂದ. ನಾನು ವಕೀಲರ ಜೇಬಿನ ಪೆನ್ನು ತೆಗೆದು ಅವರ ಕೈಗೆ ತುರುಕಿದೆ.