ರಾಳದ ಬಿಲ್ಲೆಯ ಹೆಬ್ಬೆಟ್ಟು

ಬುಡನ್‌ಸಾಬರ ಮುತ್ತಜ್ಜ ಮೀರಾಸಾಬರು ಹೊನ್ನಾಳಿಯಲ್ಲಿ ತಾಮ್ರದ ಹಂಡೆ ಉಜ್ಜಿದರೆ, ಅದರಲ್ಲಿ ತನ್ನ ಮುಖ ಕಂಡು ಹಸು ಬೆದರುತ್ತಿತ್ತಂತೆ. ಅಜ್ಜ ದಾದಾಪೀರರು ಚನ್ನಗಿರಿಯ ಅಡಿಕೆ ವ್ಯಾಪಾರಿಗಳಿಗೆ ಕನ್ನಡಕದ ಗಾಜು ಅರೆದು ಕಣ್ಣು ಕೊಟ್ಟವರು. ಬುಡನ್‌ಸಾಬರು ಅದೇ ಕೈಯನ್ನು ಇನ್ನಷ್ಟು ಪಳಗಿಸಿಕೊಂಡು, ವಿಮಾನ ಎಷ್ಟು ತಿರುಗಿತೆಂದು ಅಳೆಯುವ ಲೇಸರ್ ಗೈರೊಸ್ಕೋಪಿನ ಕನ್ನಡಿ ಉಜ್ಜುವವರಾದರು.

ಆ ಯಂತ್ರದೊಳಗೆ ಎರಡು ಬೆಳಕು ಎದುರುಬದುರಾಗಿ ಸುತ್ತು ಹಾಕುತ್ತವೆ. ಕನ್ನಡಿಯ ಮೈ ಕೂದಲೆಳೆಯ ಲಕ್ಷದಲ್ಲೊಂದು ಪಾಲು ಒರಟಾದರೂ ಸಾಕು, ಬೆಳಕು ಚೆದರಿ ಒಂದನ್ನೊಂದು ಹಿಡಿದುಕೊಂಡುಬಿಡುತ್ತವೆ. ಆಮೇಲೆ ವಿಮಾನ ಮೆಲ್ಲಗೆ ತಿರುಗಿದರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಉಜ್ಜುವುದು ರಾಳದ ಬಿಲ್ಲೆಯಿಂದ. ಬಿಸಿ ರಾಳವನ್ನು ಒತ್ತಿ ಹದಕ್ಕೆ ತರುವುದು ಹೆಂಡತಿ ರಹಮತ್‌ಬೀಯ ಕೆಲಸವಾಗಿತ್ತು. ಆಕೆಯ ಹೆಬ್ಬೆಟ್ಟಿನ ಮೇಲೆ ಅಡ್ಡಲಾಗಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹಳೆಯ ಗಾಯದ ಗುರುತಿತ್ತು. ಆಕೆ ತೀರಿಕೊಂಡು ಮೂರು ವರ್ಷ. ಬಿಲ್ಲೆಯನ್ನು ಆಗಾಗ ಕರಗಿಸಿ ಹೊಸದಾಗಿ ಹೊಯ್ಯಬೇಕು. ಆಕೆಯ ಕೊನೆಯ ಬಿಲ್ಲೆಯನ್ನು ಮಾತ್ರ ಬುಡನ್‌ಸಾಬರು ಕರಗಿಸಲಿಲ್ಲ. ಅದರ ಹದ ಬೇರೆ ಯಾವುದಕ್ಕೂ ಬರಲಿಲ್ಲವೆಂದು ಈ ಸಲ ಅದರಿಂದಲೇ ಉಜ್ಜಿದರು.

ಸೋಮವಾರದೊಳಗೆ ಕನ್ನಡಿ ಪಾಸಾಗದಿದ್ದರೆ ಗೈರೊಸ್ಕೋಪ್ ಕಂಪನಿಯ ಕೆಲಸ ಬೇರೆಯವರ ಪಾಲು. ಶುಕ್ರವಾರದ ನಮಾಜು ಮುಗಿಸಿ ಬಂದು, ಕಿಟಕಿಗೆ ಕಂಬಳಿ ಹೊದಿಸಿ, ಕನ್ನಡಿಗೆ ಕೆಂಪು ಬೆಳಕು ಬಿಟ್ಟರು. ಒಳ್ಳೆಯ ಕನ್ನಡಿಯಲ್ಲಿ ಬೆಳಕು ಬಿದ್ದ ಜಾಗವೇ ಕಾಣಬಾರದು. ಇಲ್ಲಿ ಮಂಕಾಗಿ ಹೊಳೆಯಿತು. ಬಾಯಿ ತೆರೆದು ಉಸಿರು ಬಿಟ್ಟರು. ಆ ಮಂಜಿನಲ್ಲಿ ಒಂದು ಹೆಬ್ಬೆಟ್ಟು ಮೂಡಿತು, ಅಡ್ಡ ಗೀರಿನ ಸಮೇತ.

ತೊಳೆದು ಮತ್ತೆ ಉಜ್ಜಿದರು. ಅದೇ ಹೆಬ್ಬೆಟ್ಟು. ಈಗ ಅಂಚಿನಿಂದ ನಡುವಿಗೆ ಸರಿದಿತ್ತು.

ತಂಗಿಯ ಮಗ ಅಲ್ತಾಫ್‌ನನ್ನು ಕರೆದು ತೋರಿಸಿದರು.

"ಮಾಮಿ ಒತ್ತಿದ ತಗ್ಗು ಬಿಲ್ಲೆ ಮ್ಯಾಲೆ ಉಳಿದೈತೆ ಮಾಮೂ. ಅದೇ ಗಾಜಿಗೆ ಬರ್ತೈತೆ, ಅಷ್ಟೇ."

"ಭಾರಿ ಶಾಣ್ಯಾ ನೀನು! ಬಿಲ್ಲೆ ಗರಗರ ತಿರುಗ್ತೈತಲ್ಲೋ. ತಗ್ಗಿದ್ರೆ ಬಳೆಯಂಗೆ ದುಂಡಗೆ ಬೀಳ್ಬೇಕು. ಬೆಟ್ಟು ಬೆಟ್ಟಾಗೇ ಹೆಂಗೆ ಬೀಳ್ತೈತೆ?"

ಅಲ್ತಾಫ್ ಬಿಲ್ಲೆಯನ್ನು ಮುಟ್ಟಿ, ಸರಕ್ಕನೆ ಕೈ ಎಳೆದುಕೊಂಡ. ತಣ್ಣನೆಯ ರಾಳ ಆ ತಗ್ಗಿನಲ್ಲಿ ಮಾತ್ರ ಬೆಚ್ಚಗಿತ್ತು.

"ಕೊಡ್ರಿ ಮಾಮೂ, ಇದನ್ನ ಕರಗಿಸಿ ಹೊಸದು ಹೊಯ್ದುಕೊಡ್ತೀನಿ. ನಾಳೆ ಸಂಜೆಗೆಲ್ಲ ಕನ್ನಡಿ ಪಾಸಾಗ್ತೈತೆ."

ಬುಡನ್‌ಸಾಬರು ಆ ತಗ್ಗಿನ ಮೇಲೆ ತಮ್ಮ ಬಲ ಹೆಬ್ಬೆಟ್ಟು ಇಟ್ಟರು. ಅದನ್ನು ತೆಗೆಯದೆ, ಎಡಗೈಯಲ್ಲೇ ಕನ್ನಡಿಯ ಡಬ್ಬಿಯ ಮೇಲೆ ‘ನಾಪಾಸು’ ಎಂದು ಸೊಟ್ಟಗೆ ಬರೆದರು.

"ಬ್ಯಾಡ ಕಣೋ. ಕೆಲಸ ಹೋದ್ರೆ ಹೋಗ್ಲಿ. ಅವಳಿನ್ನೂ ಕೈ ತೆಗೆದಿಲ್ಲ, ನಾನ್ಯಾಕೆ ಬಿಡಿಸ್ಲಿ?"